25 ಸಾವಿರದ ಆಸುಪಾಸಲ್ಲಿ ಎಲೆಕ್ಟ್ರಿಕ್ ಗಿಟಾರ್: ಯಾವ ಮಾಡೆಲ್ ತಗೊಳ್ಳೋದು, ಅಂಗಡೀಲಿ ಏನೇನು ನೋಡೋದು

"ಇಬಾನೆಜ್ ತಗೊಳ್ಲಾ, ಸ್ಕ್ವಯರ್ ತಗೊಳ್ಲಾ?" "ಯಮಾಹಾ ಚೆನ್ನಾಗಿದ್ಯಂತೆ, ಹೌದಾ?" "ಲೆಸ್ ಪಾಲ್ ಥರದ್ದು ಬೇಕು, ಇಪ್ಪತ್ತು ಸಾವಿರಕ್ಕೆ ಸಿಗುತ್ತಾ?" ವಾರಕ್ಕೆ ಎರಡು ಸಲನಾದ್ರೂ ಇದೇ ಪ್ರಶ್ನೆ, ಕೇಳೋರು ಬೇರೆ ಅಷ್ಟೆ. ಒಬ್ಬೊಬ್ರಿಗೂ ಅದನ್ನೇ ಟೈಪ್ ಮಾಡಿ ಮಾಡಿ ಸಾಕಾಗಿ ಎಲ್ಲಾ ಒಂದೇ ಕಡೆ ಬರೆದಿಡ್ತಾ ಇದೀನಿ, ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಕಳಿಸ್ತೀನಿ.

ಮೊದ್ಲೇ ಹೇಳ್ಬಿಡ್ತೀನಿ, ಹದಿನೈದರಿಂದ ಇಪ್ಪತ್ತು ಸಾವಿರದ ಗಿಟಾರ್‌ಗಳಲ್ಲಿ ಬೆಸ್ಟ್ ಬ್ರಾಂಡ್ ಅಂತ ಒಂದಿಲ್ಲ. ನಾನು ನೋಡಿರೋ ಹಾಗೆ ಈ ಬೆಲೇಲಿ ಬ್ರಾಂಡ್ ಬ್ರಾಂಡ್‌ಗೆ ಇರೋ ವ್ಯತ್ಯಾಸಕ್ಕಿಂತ ಪೀಸ್ ಪೀಸ್‌ಗೆ ಇರೋ ವ್ಯತ್ಯಾಸ ಜಾಸ್ತಿ, ಅದೇ ಮಾಡೆಲ್, ಅದೇ ಬಣ್ಣ, ಎರಡನ್ನೂ ಅಕ್ಕಪಕ್ಕ ಇಟ್ಟು ನುಡಿಸಿ ನೋಡಿದ್ರೆ ಒಂದು ಬೆಣ್ಣೆ, ಇನ್ನೊಂದು ಕೈ ಕೊಯ್ಯೋ ಗರಗಸ. ಹಾಗಾಗಿ ಕೆಲಸ ಎರಡು: ಮನೇಲಿ ಕೂತು ಮಾಡೆಲ್‌ಗಳನ್ನ ಎರಡು ಮೂರಕ್ಕೆ ಇಳಿಸ್ಕೊಳ್ಳೋದು, ಆಮೇಲೆ ಅಂಗಡೀಗೆ ಹೋಗಿ ಪೀಸ್ ಆರಿಸೋದು. ನಮ್ಮ ಜನ ಮೊದಲನೇದಕ್ಕೆ ಮೂರು ತಿಂಗಳು ಯೂಟ್ಯೂಬ್ ನೋಡ್ತಾರೆ, ಎರಡನೇದಕ್ಕೆ ಹತ್ತು ನಿಮಿಷ ಕೊಡಲ್ಲ.

ಹಂತ 1: ಮೊದ್ಲು ದುಡ್ಡು ಪಾಲು ಮಾಡಿ

ಕೈಯಲ್ಲಿ 25 ಸಾವಿರ ಇದೆ ಅಂತ 25 ಸಾವಿರದ ಗಿಟಾರ್ ನೋಡೋಕೆ ಹೋಗ್ಬೇಡಿ. ಬರೀ ಎಲೆಕ್ಟ್ರಿಕ್ ಗಿಟಾರ್ ಮೀಟಿದ್ರೆ ಪಕ್ಕದ ರೂಮಿಗೂ ಕೇಳ್ಸಲ್ಲ, ಅದಕ್ಕೆ ಆಂಪ್ ಬೇಕು, ಅಂದ್ರೆ ಸದ್ದು ದೊಡ್ಡದು ಮಾಡೋ ಸ್ಪೀಕರ್ ಡಬ್ಬ, ಅಥವಾ ಹೆಡ್‌ಫೋನಲ್ಲಿ ಕೇಳೋಕೆ ಒಂದು ದಾರಿ. ನಾನು ಹೇಳೋ ಲೆಕ್ಕ ಹೀಗೆ:

- ಗಿಟಾರ್‌ಗೆ 16ರಿಂದ 18 ಸಾವಿರ
- ಆಂಪ್ ಅಥವಾ ಅದರ ಬದಲಿಗೆ 4ರಿಂದ 6 ಸಾವಿರ
- ಸೆಟಪ್ ಮತ್ತೆ ಒಂದು ಸೆಟ್ ಹೊಸ ತಂತಿಗೆ ಒಂದೂವರೆ ಸಾವಿರ ಎತ್ತಿಡಿ
- ಕೇಬಲ್, ಸ್ಟ್ರಾಪ್, ಪಿಕ್, ಬ್ಯಾಗ್‌ಗೆ ಇನ್ನೊಂದು ಸಾವಿರ ಚಿಲ್ಲರೆ

ಸೆಟಪ್ ಅಂದ್ರೆ ತಂತಿ ಎಷ್ಟು ಎತ್ತರದಲ್ಲಿರ್ಬೇಕು, ನೆಕ್ (ಎಡಗೈಲಿ ಹಿಡಿಯೋ ಉದ್ದನೆ ಕತ್ತು) ಎಷ್ಟು ಬಾಗಿರ್ಬೇಕು, ಶ್ರುತಿ ಎಲ್ಲಾ ಫ್ರೆಟ್ಟಲ್ಲೂ (ನೆಕ್ ಮೇಲೆ ಅಡ್ಡಕ್ಕೆ ಕೂರಿಸಿರೋ ಲೋಹದ ಕಡ್ಡಿಗಳು) ಸರಿ ಬರುತ್ತಾ, ಇದನ್ನೆಲ್ಲಾ ಗೊತ್ತಿರೋರು ಕೂತು ಹೊಂದಿಸೋದು. ವೀಣೆಗೆ ಮೇಳ ಕಟ್ಟಿಸ್ತಾರಲ್ಲ, ಹೆಚ್ಚೂಕಡಿಮೆ ಅದೇ ಥರ. ಇದಕ್ಕೆ ದುಡ್ಡು ಯಾಕೆ ಅಂತ ಎಲ್ರೂ ಕೇಳ್ತಾರೆ, ಆದ್ರೆ 16 ಸಾವಿರದ ಗಿಟಾರ್‌ಗೆ ಸೆಟಪ್ ಮಾಡ್ಸಿದ್ರೆ ಸೆಟಪ್ ಇಲ್ಲದ 22 ಸಾವಿರದ್ದಕ್ಕಿಂತ ಕೈಗೆ ಆರಾಮಾಗಿರುತ್ತೆ, ಇದನ್ನ ನಾನು ಬರೆದುಕೊಡ್ತೀನಿ.

ಎಚ್ಚರಿಕೆ: ಆನ್‌ಲೈನಲ್ಲಿ ಗಿಟಾರ್, ಆಂಪ್, ಬ್ಯಾಗ್, ಕೇಬಲ್, ಟ್ಯೂನರ್ ಎಲ್ಲಾ ಸೇರಿ ಏಳೆಂಟು ಸಾವಿರದ ಕಾಂಬೋ ಬರುತ್ತಲ್ಲ, ಅದರಲ್ಲಿ ಬ್ಯಾಗ್ ಮಾತ್ರ ಚೆನ್ನಾಗಿರುತ್ತೆ. ಅಷ್ಟೇ ದುಡ್ಡಿದ್ರೆ ಇನ್ನಾರು ತಿಂಗಳು ಕಾಯಿರಿ ಇಲ್ಲಾ ಹಂತ 8 ನೋಡಿ.

ಹಂತ 2: ಏನು ನುಡಿಸ್ತೀರಿ ಅಂತ ಒಂದು ಚೀಟೀಲಿ ಬರೀರಿ

ನಿಜವಾಗ್ಲೂ ಬರೀರಿ, ಐದು ಹಾಡು. ಯಾಕಂದ್ರೆ ಪಿಕಪ್ ಯಾವುದು ಅನ್ನೋದು ಅದರ ಮೇಲೇ ನಿಂತಿರೋದು. ಪಿಕಪ್ ಅಂದ್ರೆ ತಂತಿ ಕೆಳಗಿರೋ ಅಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿರೋ ಪಟ್ಟಿ, ಉಕ್ಕಿನ ತಂತಿ ಅಲುಗಿದ್ದನ್ನ ಕರೆಂಟ್ ಸಿಗ್ನಲ್ ಮಾಡಿ ಆಂಪ್‌ಗೆ ಕಳಿಸೋದು ಅದೇ.

ಸಿಂಗಲ್ ಕಾಯಿಲ್ ಅಂದ್ರೆ ಒಂದೇ ಸುರುಳಿ, ಸಣ್ಣ ಪಟ್ಟಿ ಥರ ಕಾಣುತ್ತೆ. ಸದ್ದು ತಿಳಿಯಾಗಿ, ಗಂಟೆ ಹೊಡೆದ ಹಾಗೆ, ಪ್ರತಿ ತಂತಿ ಬೇರೆ ಬೇರೆ ಕೇಳುತ್ತೆ, ಸಿನಿಮಾ ಹಾಡಿನ ಬಿಡಿ ಬಿಡಿ ಕಾರ್ಡು (ಸ್ವರಗಳ ಗುಂಪು), ಬ್ಲೂಸ್, ಫಂಕ್ ಇದಕ್ಕೆಲ್ಲಾ ಚೆನ್ನ. ತೊಂದರೆ ಏನಂದ್ರೆ ಅದು ಕರೆಂಟಿನ 50 ಹರ್ಟ್ಜ್ ಗುಂಯ್‌ಗುಟ್ಟೋದನ್ನೂ ಹಿಡಿಯುತ್ತೆ. ಫ್ಯಾನ್ ರೆಗ್ಯುಲೇಟರ್, ಟ್ಯೂಬ್‌ಲೈಟ್ ಚೋಕು ಹತ್ರ ಇದ್ರೆ ಜಾಸ್ತಿ, ಕರೆಂಟ್ ಹೋಗಿ ಹಳೇ ಇನ್ವರ್ಟರ್ ಮೇಲೆ ಓಡ್ತಾ ಇದ್ರಂತೂ ಕೇಳ್ಲೇಬೇಡಿ, ಜೇನುಗೂಡು.

ಹಂಬಕರ್ ಅಂದ್ರೆ ಎರಡು ಸುರುಳಿ ಜೊತೆಗೆ, ಒಂದಕ್ಕೊಂದು ಉಲ್ಟಾ, ಆ ಗುಂಯ್ ಸದ್ದು ಒಂದು ಸುರುಳೀಲಿ ಬಂದಿದ್ದನ್ನ ಇನ್ನೊಂದು ಸುರುಳಿ ಹೊಡೆದು ಹಾಕುತ್ತೆ, ಹೆಸರೇ ಅದರಿಂದ ಬಂದಿದ್ದು. ಸದ್ದು ದಪ್ಪ, ಡಿಸ್ಟಾರ್ಷನ್ (ಸದ್ದು ಒಡೆದು ಕರಕರ ಅನ್ನಿಸೋ ಎಫೆಕ್ಟ್) ಹಾಕಿದ್ರೆ ಗಟ್ಟಿಯಾಗಿ ನಿಲ್ಲುತ್ತೆ, ರಾಕ್ ಮೆಟಲ್ ನುಡಿಸೋರಿಗೆ ಇದೇ.

ಅಂಗಡೀಲಿ ಎಸ್‌ಎಸ್‌ಎಸ್, ಎಚ್‌ಎಸ್‌ಎಸ್, ಎಚ್‌ಎಚ್ ಅಂತ ಹೇಳ್ತಾರೆ, ಗಾಬರಿ ಬೇಡ, ಎಸ್ ಅಂದ್ರೆ ಸಿಂಗಲ್, ಎಚ್ ಅಂದ್ರೆ ಹಂಬಕರ್, ಎಷ್ಟಿವೆ ಅಂತ ಎಣಿಸಿ ಹೇಳೋದು ಅಷ್ಟೆ. ನಿಮ್ಮ ಐದು ಹಾಡಲ್ಲಿ ಎರಡು ಥರದ್ದೂ ಇದ್ರೆ ಎಚ್‌ಎಸ್‌ಎಸ್ ತಗೊಳ್ಳಿ, ಬ್ರಿಡ್ಜ್ ಹತ್ರ ಹಂಬಕರ್, ಉಳಿದೆರಡು ಸಿಂಗಲ್. ಏನು ನುಡಿಸ್ತೀನಿ ಅಂತ ಗೊತ್ತೇ ಇಲ್ಲ ಅನ್ನೋರಿಗೂ ಇದೇ ಉತ್ತರ. ಐದಕ್ಕೆ ಐದೂ ಮೆಟಲ್ ಇದ್ರೆ ಎಚ್‌ಎಚ್.

ಹಂತ 3: ಬ್ರಿಡ್ಜ್, ಎಲ್ರೂ ಎಡವೋದು ಇಲ್ಲೇ

ಪಿಕಪ್ ಬಗ್ಗೆ ಎಲ್ರೂ ಮಾತಾಡ್ತಾರೆ, ಬ್ರಿಡ್ಜ್ ಬಗ್ಗೆ ಯಾರೂ ಕೇಳಲ್ಲ, ಆದ್ರೆ ಹೊಸಬರು ಗಿಟಾರ್ ಮೂಲೆಗೆ ಹಾಕೋದು ಬ್ರಿಡ್ಜಿಂದಾನೇ. ಶ್ರುತಿ ನಿಲ್ಲಲ್ಲ, ಪ್ರತಿ ಹತ್ತು ನಿಮಿಷಕ್ಕೆ ಟ್ಯೂನ್ ಮಾಡ್ಬೇಕು, ನನಗೇ ಬರಲ್ಲ ಅನ್ಕೊಂಡು ಬಿಟ್ಬಿಡ್ತಾರೆ.

ಬ್ರಿಡ್ಜ್ ಅಂದ್ರೆ ತಂತಿಯ ಕೆಳಗಿನ ತುದಿ ಕೂರೋ ಲೋಹದ ಭಾಗ. ಮೂರು ಥರ ನೋಡ್ತೀರಿ.

ಮೊದಲನೇದು ಫಿಕ್ಸೆಡ್ ಬ್ರಿಡ್ಜ್, ಹಾರ್ಡ್‌ಟೇಲ್ ಅಂತಾನೂ ಅಂತಾರೆ. ಮರಕ್ಕೆ ಬಿಗಿದಿರುತ್ತೆ, ಅಲ್ಲಾಡಲ್ಲ, ಕೆಟ್ಟೋಗೋಕೆ ಅದರಲ್ಲಿ ಏನೂ ಇಲ್ಲ. ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಥರದ್ದು, ಗಿಬ್ಸನ್ ಕಂಪನಿಯ ಲೆಸ್ ಪಾಲ್ ಥರದ್ದು ಎಲ್ಲಾ ಹೀಗೇ.

ಎರಡನೇದು ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಥರದ ಟ್ರೆಮೊಲೊ, ಒಂದು ಕಡ್ಡಿ ಇರುತ್ತೆ, ಒತ್ತಿದ್ರೆ ಸ್ವರ ಜಾರುತ್ತೆ. ಹಿಂದೆ ಸ್ಪ್ರಿಂಗ್‌ಗಳಿರ್ತವೆ. ಸಣ್ಣ ತಂತಿ ಸೆಟ್ ಹಾಕಿ ಮಾಮೂಲಿ ಶ್ರುತಿ ಮಾಡಿದ್ರೂ ಆರು ತಂತಿ ಸೇರಿ ಸುಮಾರು 40 ಕೆಜಿ ಎಳೀತಿರ್ತವೆ, ಆ ಕಡೆ ಸ್ಪ್ರಿಂಗ್‌ಗಳು ಅಷ್ಟೇ ಎಳೀತಿರ್ತವೆ, ಹಗ್ಗ ಜಗ್ಗಾಟ ಸಮಬಲ ಆದಂಗೆ. ಈಗ ಒಂದು ತಂತಿಯ ಶ್ರುತಿ ಬದಲಾಯಿಸಿದ್ರಿ ಅಂದ್ಕೊಳ್ಳಿ, ಸಮಬಲ ತಪ್ಪಿ ಉಳಿದ ಐದೂ ಸ್ವಲ್ಪ ಸ್ವಲ್ಪ ಜರುಗ್ತವೆ. ತಂತಿ ಒಂದು ಕಿತ್ತೋದ್ರೆ ಮುಗೀತು, ಕಾಲೇಜ್ ಫೆಸ್ಟಲ್ಲಿ ಎರಡನೇ ಹಾಡಿಗೇ ನನಗೆ ಹಾಗಾಗಿ ಮಿಕ್ಕಿದ್ದೆಲ್ಲಾ ಅಪಶ್ರುತೀಲೇ ಮುಗಿಸಿದೀನಿ.

ಇದಕ್ಕೊಂದು ಸುಲಭದ ಮದ್ದು ಇದೆ, ಖರ್ಚಿಲ್ಲ. ಗಿಟಾರ್ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದ್ರೆ ಸ್ಪ್ರಿಂಗ್‌ಗಳು ಸಿಕ್ಕಿಸಿರೋ ಒಂದು ಪಟ್ಟಿ ಕಾಣುತ್ತೆ, ಅದಕ್ಕೆ ಎರಡು ದೊಡ್ಡ ಸ್ಕ್ರೂ. ಎರಡನ್ನೂ ಅರ್ಧರ್ಧ ಸುತ್ತು ಬಿಗಿ ಮಾಡ್ತಾ, ಪ್ರತಿ ಸಲ ಟ್ಯೂನ್ ಮಾಡ್ಕೊಂಡು, ಬ್ರಿಡ್ಜ್ ಹಿಂಭಾಗ ಬಂದು ಮರಕ್ಕೆ ಕಚ್ಚಿ ಕೂರೋ ತನಕ ಹೋಗಿ. ಆಮೇಲೆ ಕಡ್ಡಿ ಕೆಳಗೆ ಒತ್ತೋಕೆ ಮಾತ್ರ ಬರುತ್ತೆ, ಮೇಲಕ್ಕೆ ಎಳೆಯೋಕಾಗಲ್ಲ, ಆದ್ರೆ ಶ್ರುತಿ ಎಷ್ಟೋ ಚೆನ್ನಾಗಿ ನಿಲ್ಲುತ್ತೆ. ಹೊಸಬರಿಗೆ ಅಷ್ಟು ಸಾಕು.

ಮೂರನೇದು ಫ್ಲಾಯ್ಡ್ ರೋಸ್ ಥರದ ಲಾಕಿಂಗ್ ಬ್ರಿಡ್ಜ್, ಎರಡು ಕಡೆನೂ ತಂತೀನ ಅಲೆನ್ ಕೀ ಹಾಕಿ ಬಿಗಿಯೋದು. ಒಳ್ಳೇದು ಬಹಳ ಒಳ್ಳೇದು, ಆದ್ರೆ ಒಳ್ಳೇದು ಈ ಬೆಲೇಲಿ ಬರಲ್ಲ. 20 ಸಾವಿರದೊಳಗಿನ ಗಿಟಾರಲ್ಲಿ ಇದು ಇದ್ರೆ ಮುಟ್ಬೇಡಿ. ಇದೊಂದರಲ್ಲಿ ನನ್ನ ಹತ್ರ ವಾದ ಮಾಡ್ಬೇಡಿ.

ಇನ್ನೊಂದು ಮಾತು, ಇದು ನಮ್ಮೋರಿಗೇ ಅಂತ. ಕರ್ನಾಟಕ ಸಂಗೀತ ಗಿಟಾರಲ್ಲಿ ನುಡಿಸ್ಬೇಕು ಅಂತ ಕೇಳೋರು ಇದಾರೆ, ಆರ್. ಪ್ರಸನ್ನ ಅವರು ಎಲೆಕ್ಟ್ರಿಕ್ ಗಿಟಾರಲ್ಲೇ ನುಡಿಸ್ತಾರಲ್ಲ, ಅದನ್ನ ಕೇಳಿ ಆಸೆ ಹುಟ್ಟಿರುತ್ತೆ. ಗಮಕಕ್ಕೆ ತಂತಿ ಎಳೀಬೇಕು ಅಥವಾ ಜಾರಿಸ್ಬೇಕು. ತೇಲೋ ಬ್ರಿಡ್ಜಲ್ಲಿ (ಮರಕ್ಕೆ ಕಚ್ಚದೆ ಸ್ಪ್ರಿಂಗ್ ಸಮಬಲದ ಮೇಲೆ ನಿಂತಿರೋದು) ಒಂದು ತಂತಿ ಎಳೆದ್ರೆ ಬ್ರಿಡ್ಜೇ ಮುಂದಕ್ಕೆ ಬಾಗಿ ಪಕ್ಕದ ತಂತಿಯ ಶ್ರುತಿ ಇಳಿಯುತ್ತೆ, ಪಕ್ಕದಲ್ಲಿ ಷಡ್ಜ ಮೀಟ್ಕೊಂಡು ನುಡಿಸೋರಿಗೆ ಅದು ಕಿವಿಗೆ ಹೊಡೆಯುತ್ತೆ. ನಿಮಗೆ ಫಿಕ್ಸೆಡ್ ಬ್ರಿಡ್ಜ್, ಬೇರೆ ಯೋಚನೆನೇ ಬೇಡ.

ಹಂತ 4: ಕೈ ಅಳತೆ

ಸ್ಕೇಲ್ ಲೆಂತ್ ಅಂತ ಒಂದಿದೆ, ನಟ್ಟಿಂದ (ತಲೆ ಹತ್ರ ತಂತಿ ಕೂರೋ ಬಿಳೀ ಪಟ್ಟಿ) ಬ್ರಿಡ್ಜ್ ತನಕ ತಂತಿಯ ಉದ್ದ. ಫೆಂಡರ್ ಥರದವು 25.5 ಇಂಚು, ಗಿಬ್ಸನ್ ಥರದವು 24.75 ಇಂಚು. ಮುಕ್ಕಾಲು ಇಂಚಲ್ಲಿ ಏನಿದೆ ಅನ್ಸುತ್ತೆ, ಆದ್ರೆ ಉದ್ದ ಕಮ್ಮಿ ಇದ್ರೆ ತಂತಿ ಸ್ವಲ್ಪ ಸಡಿಲ, ಎಳೆಯೋದು ಸುಲಭ, ಫ್ರೆಟ್‌ಗಳ ಮಧ್ಯೆ ಜಾಗ ಸ್ವಲ್ಪ ಕಮ್ಮಿ. ಸಣ್ಣ ಕೈ ಇರೋರಿಗೆ ಸ್ಕ್ವಯರ್ ಮಸ್ಟಾಂಗ್ ಇದೆ, 24 ಇಂಚು. ಎಂಟು ಹತ್ತು ವರ್ಷದ ಮಕ್ಕಳಿಗೆ ಇಬಾನೆಜ್ ಮೈಕ್ರೊ 22.2 ಇಂಚು, ಸ್ಕ್ವಯರ್ ಮಿನಿ 22.75 ಇಂಚು, ದೊಡ್ಡೋರು ತಗೊಳ್ಬೇಡಿ ಇಕ್ಕಟ್ಟಾಗುತ್ತೆ.

ತೂಕ ನೋಡಿ. ನಿಂತು ನುಡಿಸೋರಿಗೆ ದಪ್ಪ ಲೆಸ್ ಪಾಲ್ ಒಂದು ಗಂಟೇಲಿ ಭುಜ ಇಳಿಸುತ್ತೆ.

ಮರ ಯಾವುದು, ಪಾಪ್ಲರಾ ಮಹೋಗನಿನಾ ಅಂತ ತಲೆ ಕೆಡಿಸ್ಕೊಳ್ಬೇಡಿ, ಈ ಬೆಲೇಲಿ ಅದು ನಿಮ್ಮ ಸಮಸ್ಯೆನೇ ಅಲ್ಲ. ಬಣ್ಣ ಮಾತ್ರ ಇಷ್ಟ ಆಗಿದ್ದೇ ತಗೊಳ್ಳಿ, ಗೋಡೆ ಮೇಲೆ ಚೆಂದ ಕಂಡ್ರೆ ಕೈಗೆ ತಗೊಳ್ಳೋಣ ಅನ್ಸುತ್ತೆ, ಇದು ತಮಾಷೆಗೆ ಹೇಳ್ತಿಲ್ಲ.

ಹಂತ 5: ಪಟ್ಟಿ ಎರಡು ಮೂರಕ್ಕೆ ಇಳಿಸಿ

ಸ್ವಲ್ಪ ಹಿನ್ನೆಲೆ: ಗಿಬ್ಸನ್ ಲೆಸ್ ಪಾಲ್ ಬಂದಿದ್ದು 1952ರಲ್ಲಿ, ಫೆಂಡರ್ ಸ್ಟ್ರಾಟೊಕಾಸ್ಟರ್ 1954ರಲ್ಲಿ, ಟೆಲಿಕಾಸ್ಟರ್ ಅದಕ್ಕೂ ಮುಂಚೆ. ಇವತ್ತು ಅಂಗಡೀಲಿ ತೂಗಾಕಿರೋದ್ರಲ್ಲಿ ಹೆಚ್ಚಿನವು ಈ ಮೂರರ ಮಕ್ಕಳು ಮೊಮ್ಮಕ್ಕಳೇ. ಸ್ಕ್ವಯರ್ ಫೆಂಡರ್‌ನೋರದ್ದೇ ಕಮ್ಮಿ ಬೆಲೆ ಬ್ರಾಂಡ್, ಎಪಿಫೋನ್ ಗಿಬ್ಸನ್‌ನೋರದ್ದು. ಬೆಲೆ ತಿಂಗಳಿಗೊಂದು ಥರ ಇರುತ್ತೆ, ಅದಕ್ಕೆ ಒಂದೊಂದಕ್ಕೂ ರೂಪಾಯಿ ಬರೆಯೋಕೆ ಹೋಗಿಲ್ಲ, ಕೊಳ್ಳೋ ದಿನ ನೀವೇ ನೋಡ್ಕೊಳ್ಳಿ.

ಯಮಾಹಾ ಪೆಸಿಫಿಕಾ 012: ಎಚ್‌ಎಸ್‌ಎಸ್, 22 ಫ್ರೆಟ್, ಸ್ಟ್ರಾಟ್ ಥರದ ಟ್ರೆಮೊಲೊ. ನೋಡೋಕೆ ಏನೂ ವಿಶೇಷ ಇಲ್ಲ, ಆದ್ರೆ ನಾನು ಕೈಯಲ್ಲಿ ಹಿಡಿದಿರೋದ್ರಲ್ಲಿ ಪೀಸ್ ಪೀಸ್‌ಗೆ ವ್ಯತ್ಯಾಸ ಕಮ್ಮಿ ಇರೋದು ಇದರಲ್ಲೇ, ಹಾಗಾಗಿ ಊರಲ್ಲಿ ಅಂಗಡಿ ಇಲ್ಲ, ಆನ್‌ಲೈನಲ್ಲೇ ತರಿಸ್ಬೇಕು ಅನ್ನೋರಿಗೆ ಕಣ್ಮುಚ್ಚಿ ಇದನ್ನೇ ಹೇಳ್ತೀನಿ. ಇನ್ನೊಂದಷ್ಟು ಸಾವಿರ ಸೇರಿಸೋಕಾದ್ರೆ ಇದರ ಅಣ್ಣ 112 ಇದೆ, ಅದರಲ್ಲಿ 112ವಿ ಅನ್ನೋದಕ್ಕೆ ಟೋನ್ ನಾಬ್ ಎಳೆದ್ರೆ ಹಂಬಕರ್ ಸಿಂಗಲ್ ಥರ ಆಗೋ ಸೌಲಭ್ಯ ಇದೆ. ಎಡಗೈಯೋರಿಗೂ 112ರಲ್ಲಿ ಮಾಡೆಲ್ ಬರುತ್ತೆ, ನಿಮಗೆ ಆಯ್ಕೆ ಕಮ್ಮಿ ಇರೋದ್ರಿಂದ ಸಿಕ್ಕಿದ್ರೆ ಬಿಡ್ಬೇಡಿ.

ಸ್ಕ್ವಯರ್ ಸೋನಿಕ್: 2023ರಲ್ಲಿ ಹಳೇ ಬುಲೆಟ್ ಸಾಲಿನ ಜಾಗಕ್ಕೆ ಬಂದಿದ್ದು. ಸ್ಟ್ರಾಟ್, ಟೆಲಿ, ಮಸ್ಟಾಂಗ್ ಎಲ್ಲಾ ಇದೆ. ಸ್ಟ್ರಾಟಲ್ಲೇ ಹಾರ್ಡ್‌ಟೇಲ್ ಬರೋದೂ ಇದೆ, ಹೆಸರಲ್ಲಿ ಎಚ್‌ಟಿ ಅಂತಿರುತ್ತೆ. ನನ್ನ ಓಟು ಸೋನಿಕ್ ಟೆಲಿಗೆ, ಎರಡು ಪಿಕಪ್ಪು, ಒಂದು ಸ್ವಿಚ್ಚು, ಎರಡು ನಾಬು, ಅಲ್ಲಾಡದ ಬ್ರಿಡ್ಜು, ಕಲಿಯೋರಿಗೆ ಇನ್ನೇನ್ ಬೇಕು. ಫ್ರೆಟ್ ತುದಿ ಮಾತ್ರ ಬೆರಳಾಡಿಸಿ ನೋಡ್ಕೊಳ್ಳಿ.

ಇಬಾನೆಜ್ ಜಿಯೊ: ನೆಕ್ ತೆಳು, ಬೆರಳು ಬೇಗ ಓಡುತ್ತೆ. ಜಿಆರ್‌ಜಿ 121ಡಿಎಕ್ಸ್‌ಗೆ ಎರಡು ಹಂಬಕರ್, 24 ಫ್ರೆಟ್, ಫಿಕ್ಸೆಡ್ ಬ್ರಿಡ್ಜ್, ಮೆಟಲ್ ಮನಸ್ಸಿನೋರಿಗೆ ಹೇಳಿ ಮಾಡ್ಸಿದ್ದು. ಇದೇ ಸಾಲಲ್ಲಿ ಟ್ರೆಮೊಲೊ ಇರೋವೂ ಇವೆ, ಅಂಗಡಿಯೋರು ಸ್ಟಾಕ್ ಇರೋದನ್ನೇ ಕೊಡೋಕೆ ನೋಡ್ತಾರೆ, ಮಾಡೆಲ್ ನಂಬರ್ ಚೀಟೀಲಿ ಬರ್ಕೊಂಡು ಹೋಗಿ.

ಎಪಿಫೋನ್ ಲೆಸ್ ಪಾಲ್ ಸ್ಪೆಷಲ್: ಲೆಸ್ ಪಾಲ್ ಆಕಾರ ಬೇಕೇ ಬೇಕು ಅನ್ನೋರಿಗೆ. ಇದರ ಕಮ್ಮಿ ಬೆಲೆ ಮಾಡೆಲ್‌ಗಳಲ್ಲಿ ನೆಕ್ ಅಂಟಿಸಿರಲ್ಲ, ಸ್ಕ್ರೂ ಹಾಕಿ ಕೂರಿಸಿರ್ತಾರೆ, ಅದು ಕೊರತೆ ಏನಲ್ಲ.

ಕಾರ್ಟ್: ಕೊರಿಯಾ ಕಂಪನಿ, ಇಂಡೋನೇಷ್ಯಾದಲ್ಲಿ ದೊಡ್ಡ ಕಾರ್ಖಾನೆ, ಬೇರೆ ಹೆಸರಾಂತ ಬ್ರಾಂಡ್‌ಗಳಿಗೂ ಗಿಟಾರ್ ಮಾಡಿಕೊಡ್ತಾರೆ. ತಲೆ ಮೇಲೆ ದೊಡ್ಡ ಹೆಸರಿಲ್ಲ ಅಂತ ಜನ ದಾಟಿ ಹೋಗ್ತಾರೆ, ನೀವು ದಾಟ್ಬೇಡಿ, ಅದೇ ದುಡ್ಡಿಗೆ ಇಲ್ಲಿ ಬಿರಡೆ ಬ್ರಿಡ್ಜ್ ಎಲ್ಲಾ ಒಂದು ಮೆಟ್ಟಿಲು ಮೇಲಿರೋದನ್ನ ನೋಡಿದೀನಿ. ಮಾರೋವಾಗ ಮಾತ್ರ ಫೆಂಡರ್ ಗಿಬ್ಸನ್ ಕುಟುಂಬದ ಹೆಸರಿಗೆ ಬೆಲೆ ಜಾಸ್ತಿ ಸಿಗುತ್ತೆ.

ಎಚ್ಚರಿಕೆ: ತಲೆ ಮೇಲೆ ಗಿಬ್ಸನ್ ಅಂತಲೇ ಬರೆದು 18 ಸಾವಿರಕ್ಕೆ ಕೊಡ್ತೀನಿ ಅಂದ್ರೆ ಅದು ನಕಲಿ. ನಿಜವಾದ ಗಿಬ್ಸನ್ ಲೆಸ್ ಪಾಲ್ ಇಲ್ಲಿ ಲಕ್ಷ ದಾಟುತ್ತೆ.

ಹಂತ 6: ಅಂಗಡೀಲಿ ಪೀಸ್ ಆರಿಸೋದು

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆಯೋರಾದ್ರೆ ಖುದ್ದು ಹೋಗಿ, ವಾರದ ದಿನ ಮಧ್ಯಾಹ್ನ ಹೋಗಿ, ಶನಿವಾರ ಸಂಜೆ ನಾಲ್ಕು ಜನ ಒಟ್ಟಿಗೆ ನುಡಿಸ್ತಿರ್ತಾರೆ ಏನೂ ಕೇಳ್ಸಲ್ಲ. ಜೇಬಲ್ಲಿ ಮೊಬೈಲಲ್ಲಿ ಟ್ಯೂನರ್ ಆಪ್, ಒಂದು ವಿಸಿಟಿಂಗ್ ಕಾರ್ಡ್, ಒಂದು ಪೆನ್ಸಿಲ್. ನುಡಿಸೋಕೆ ಬರಲ್ಲ ಅಂತ ನಾಚ್ಕೋಬೇಡಿ, ಕೆಳಗಿನದ್ದಕ್ಕೆ ಒಂದು ಹಾಡೂ ಬರ್ಬೇಕಾಗಿಲ್ಲ. ಒಂದೇ ಮಾಡೆಲ್‌ನ ಎರಡು ಪೀಸ್ ಇದ್ರೆ ಎರಡೂ ತೆಗೆಸಿ, ಮುಖ ಗಂಟು ಹಾಕ್ಕೊಂಡ್ರೂ ಪರವಾಗಿಲ್ಲ, ದುಡ್ಡು ನಿಮ್ದು.

ಒಂದು, ಎಡಗೈನ ನೆಕ್ಕಿನ ಅಂಚಿನ ಮೇಲೆ ಮೇಲಿಂದ ಕೆಳಗೆ ಜಾರಿಸಿ. ಫ್ರೆಟ್ ತುದಿ ಚರ್ಮಕ್ಕೆ ಸಿಕ್ಕಿ ಗೀರಿದ್ರೆ ಆ ಪೀಸ್ ವಾಪಸ್ ಇಡಿ. ಒಣ ಹವೆಗೆ ಮರ ಕುಗ್ಗುತ್ತೆ, ಲೋಹ ಕುಗ್ಗಲ್ಲ, ಅದಕ್ಕೇ ತುದಿ ಹೊರಗೆ ಬರೋದು. ರಾಯಚೂರು ಕಲಬುರಗಿ ಕಡೆ ಬೇಸಿಗೇಲಿ ಇದು ಇನ್ನೂ ಜಾಸ್ತಿ ಆಗುತ್ತೆ, ಅಂಗಡೀಲೇ ಗೀರ್ತಾ ಇದ್ರೆ ನಿಮ್ಮನೇಲಿ ಏನಾಗುತ್ತೆ ನೋಡಿ.

ಎರಡು, ಗಿಟಾರ್ ಬುಡ ಕಣ್ಣಿನ ಹತ್ರ ಇಟ್ಕೊಂಡು ಬಂದೂಕ ಗುರಿ ಇಟ್ಟ ಹಾಗೆ ನೆಕ್ ಉದ್ದಕ್ಕೂ ನೋಡಿ. ಸ್ವಲ್ಪ ಒಳಗೆ ಬಾಗಿರೋದು ಸರಿ, ತಿರುಚಿದ ಹಾಗಿದ್ರೆ ಬೇಡ. ಹಾಗೇ ಎರಡು ಅಂಚಿನ ತಂತಿಗಳು ನೆಕ್ಕಿನ ಅಂಚಿಂದ ಸಮ ದೂರದಲ್ಲಿವೆಯಾ ನೋಡಿ, ಸಣ್ಣ ತಂತಿ ಅಂಚಿಗೆ ಬಂದು ಜಾರಿ ಬೀಳೋ ಹಾಗಿದ್ರೆ ನೆಕ್ ಓರೆ ಕೂತಿದೆ ಅಂತ.

ಮೂರು, ವಿಸಿಟಿಂಗ್ ಕಾರ್ಡ್ ಪರೀಕ್ಷೆ. ದಪ್ಪ ತಂತೀನ ಮೊದಲನೇ ಫ್ರೆಟ್ಟಲ್ಲೂ ಕೊನೇ ಫ್ರೆಟ್ಟಲ್ಲೂ ಒಟ್ಟಿಗೆ ಒತ್ತಿ ಹಿಡೀರಿ, ಏಳನೇ ಎಂಟನೇ ಫ್ರೆಟ್ ಹತ್ರ ತಂತಿಗೂ ಫ್ರೆಟ್‌ಗೂ ಮಧ್ಯೆ ಕಾರ್ಡ್ ಸವರ್ಕೊಂಡು ಹೋಗೋಷ್ಟು ಸಂದಿ ಇರ್ಬೇಕು, ಕಾಲು ಮಿಲಿಮೀಟರ್ ಅಂದಾಜು. ಸಂದಿನೇ ಇಲ್ಲ ಅಂದ್ರೆ ಅಥವಾ ಎರಡು ಕಾರ್ಡ್ ಹೋಗುತ್ತೆ ಅಂದ್ರೆ ಟ್ರಸ್ ರಾಡ್ (ನೆಕ್ ಒಳಗಿರೋ ಕಬ್ಬಿಣದ ಸರಳು) ತಿರುಗಿಸಿ ಸರಿ ಮಾಡ್ಬೇಕು, ಅಲ್ಲೇ ಮಾಡ್ಕೊಡೋಕೆ ಹೇಳಿ. ಮಾಡಿದ್ರೂ ಬದಲಾಗ್ಲಿಲ್ಲ ಅಂದ್ರೆ ಆ ಗಿಟಾರ್ ಬಿಡಿ.

ನಾಲ್ಕು, ಪ್ರತಿ ತಂತಿ, ಪ್ರತಿ ಫ್ರೆಟ್. 22 ಫ್ರೆಟ್, 6 ತಂತಿ, 132 ಸ್ವರ, ಕೇಳೋಕೆ ಭಯಂಕರ ಅನ್ಸುತ್ತೆ ಆದ್ರೆ ಐದು ನಿಮಿಷದ ಕೆಲಸ. ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ಜರ್ ಅಂದ್ರೆ ತಂತಿ ಕೆಳಗಿದೆ ಅಷ್ಟೆ, ಸೆಟಪ್ಪಲ್ಲಿ ಹೋಗುತ್ತೆ. ಒಂದೇ ಒಂದು ಜಾಗದಲ್ಲಿ ಸ್ವರ ಸತ್ತು ಬಿದ್ರೆ, ಅದರ ಮುಂದಿನ ಫ್ರೆಟ್ ಎದ್ದಿದೆ ಅಂತ ಅರ್ಥ, ಬೇಡ. ಸಣ್ಣ ಎರಡು ತಂತಿಗಳನ್ನ ಹನ್ನೆರಡನೇ ಫ್ರೆಟ್‌ನಿಂದ ಆಚೆ ಎಳೆದೂ ನೋಡಿ, ಎಳೆದಾಗ ಸ್ವರ ನಿಂತ್ರೂ ಅದೇ ಕಥೆ.

ಐದು, ಹನ್ನೆರಡನೇ ಫ್ರೆಟ್ ಮೇಲೆ ತಂತೀನ ಒತ್ತದೆ ಬರೀ ಮುಟ್ಟಿ ಮೀಟಿ, ಗಂಟೆ ಥರ ಸದ್ದು ಬರುತ್ತೆ, ಟ್ಯೂನರ್ ನೋಡಿ. ಅದೇ ಜಾಗದಲ್ಲಿ ಒತ್ತಿ ಮೀಟಿ ಮತ್ತೆ ನೋಡಿ. ಎರಡೂ ಒಂದೇ ತೋರಿಸ್ಬೇಕು. ಇದಕ್ಕೆ ಇಂಟೊನೇಷನ್ ಅಂತಾರೆ. ವ್ಯತ್ಯಾಸ ಇದ್ರೆ ಬ್ರಿಡ್ಜಲ್ಲಿ ಸ್ಕ್ರೂ ತಿರುಗಿಸಿ ಸರಿ ಮಾಡ್ಬಹುದು, ಇದೊಂದಕ್ಕೇ ಅಂತ ಒಳ್ಳೇ ಪೀಸ್ ಬಿಡ್ಬೇಡಿ.

ಆರು, ಚೆನ್ನಾಗಿ ಟ್ಯೂನ್ ಮಾಡಿ ಪ್ರತಿ ತಂತೀನ ಐದು ಸಲ ಜೋರಾಗಿ ಎಳೆದು ಮತ್ತೆ ಟ್ಯೂನರ್ ನೋಡಿ. ಬಿರಡೆ ತಿರುಗಿಸುವಾಗ ತಲೆ ಹತ್ರ ಟಿಂಕ್ ಟಿಂಕ್ ಅಂತ ಸದ್ದು ಬಂದು ಸ್ವರ ಎಗರಿದ್ರೆ ತಂತಿ ನಟ್ಟಿನ ಗಾಡೀಲಿ (ತಂತಿ ಕೂರೋ ಸೀಳು) ಸಿಕ್ಕಾಕ್ಕೊಳ್ತಿದೆ ಅಂತ. ಪೆನ್ಸಿಲ್ ತಂದಿದ್ದು ಇದಕ್ಕೇ, ತಂತಿ ಪಕ್ಕಕ್ಕೆ ಸರಿಸಿ ಆ ಗಾಡೀಲಿ ಪೆನ್ಸಿಲ್ ಮೊನೆ ನಾಲ್ಕು ಸಲ ಉಜ್ಜಿ, ಪೆನ್ಸಿಲ್ಲಿನ ಗ್ರಾಫೈಟ್ ಪುಡಿ ಎಣ್ಣೆ ಥರ ಕೆಲಸ ಮಾಡುತ್ತೆ. ಆಮೇಲೂ ಶ್ರುತಿ ನಿಲ್ಲಲ್ಲ ಅಂದ್ರೆ ಬೇರೆ ಪೀಸ್ ಕೇಳಿ.

ಕೊನೇಗೆ ಆಂಪ್‌ಗೆ ಹಾಕಿ ಸ್ವಿಚ್ ಎಲ್ಲಾ ಜಾಗಕ್ಕೂ ತಿರುಗಿಸಿ, ನಾಬ್ ಪೂರ್ತಿ ತಿರುಗಿಸಿ, ಕೇಬಲ್ ಚುಚ್ಚೋ ಜಾಗ ಸ್ವಲ್ಪ ಅಲ್ಲಾಡಿಸಿ. ನಾಬಲ್ಲಿ ಪರಪರ ಅಂದ್ರೆ ಧೂಳು, ಸ್ಪ್ರೇ ಹೊಡೆದ್ರೆ ಹೋಗುತ್ತೆ. ಕೇಬಲ್ ಅಲ್ಲಾಡಿಸಿದಾಗ ಸದ್ದು ಬಂದು ಬಂದು ಹೋದ್ರೆ ಬೆಸುಗೆ ಬಿಟ್ಟಿದೆ, ಅಲ್ಲೇ ಸರಿ ಮಾಡಿಸಿ.

ಆನ್‌ಲೈನಲ್ಲಿ ತರಿಸೋರು ಡಬ್ಬ ಬಿಚ್ಚೋದನ್ನ ವಿಡಿಯೊ ಮಾಡ್ಕೊಳ್ಳಿ, ಬಂದ ದಿನವೇ ಇದೆಲ್ಲಾ ನೋಡಿ, ವಾಪಸ್ ಕೊಡೋ ಗಡುವು ಮುಗಿದ ಮೇಲೆ ನನ್ನ ಕೇಳಿದ್ರೆ ನಾನೇನ್ ಮಾಡ್ಲಿ.

ಹಂತ 7: ಆಂಪಾ, ಹೆಡ್‌ಫೋನಾ

ಅಪಾರ್ಟ್‌ಮೆಂಟು, ಪಿಜಿ, ಪಕ್ಕದಲ್ಲಿ ಗೋಡೆಗೆ ಗೋಡೆ ಮನೆ ಇದ್ರೆ ಹೆಡ್‌ಫೋನ್ ದಾರಿ ಹಿಡೀರಿ. ವಾಕ್ಸ್ ಆಂಪ್‌ಲಗ್ ಥರದ್ದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಗಿಟಾರ್‌ಗೇ ಚುಚ್ಚೋದು. ಲ್ಯಾಪ್‌ಟಾಪ್ ಇದ್ರೆ ಆಡಿಯೊ ಇಂಟರ್‌ಫೇಸ್, ಅಂದ್ರೆ ಗಿಟಾರ್ ಸಿಗ್ನಲ್ಲನ್ನ ಯುಎಸ್‌ಬಿಗೆ ಬದಲಾಯಿಸೋ ಡಬ್ಬ, ಅದರಲ್ಲಿ ಇನ್‌ಸ್ಟ್ರುಮೆಂಟ್ ಅಥವಾ ಹೈ-ಜೆಡ್ ಅಂತ ಬರೆದಿರೋ ಇನ್‌ಪುಟ್ ಇರ್ಬೇಕು, ಬರೀ ಮೈಕಿಂದು ಇದ್ರೆ ಸದ್ದು ಮಂಕಾಗುತ್ತೆ. ಮನೇಲಿ ಜಾಗ ಇದ್ರೆ ಹತ್ತು ವಾಟಿನ ಆಂಪ್ ಧಾರಾಳ ಸಾಕು, ಹೆಡ್‌ಫೋನ್ ತೂತು ಇದ್ಯಾ ನೋಡಿ. ಮನೆಯ ಹೋಮ್ ಥಿಯೇಟರ್‌ಗೆ ನೇರ ಚುಚ್ಚೋಕೆ ಹೋಗ್ಬೇಡಿ, ಸದ್ದೂ ಚೆನ್ನಾಗಿರಲ್ಲ, ಸ್ಪೀಕರ್‌ಗೂ ಒಳ್ಳೇದಲ್ಲ.

ಅರ್ಥಿಂಗ್ ವಿಷ್ಯ ಸ್ವಲ್ಪ ಗಮನ ಕೊಟ್ಟು ಓದಿ. ತಂತಿ ಮುಟ್ಟಿದ ಕೂಡ್ಲೇ ಗುಂಯ್ ಸದ್ದು ಕಮ್ಮಿ ಆದ್ರೆ ಅದು ಮಾಮೂಲಿ. ತಂತಿ ಮುಟ್ಟಿದಾಗ ಬೆರಳು ಜುಮ್ ಅಂದ್ರೆ ಮಾಮೂಲಿ ಅಲ್ಲ, ಆಂಪ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ ಪ್ಲಗ್ ಪಾಯಿಂಟಲ್ಲಿ ಅರ್ಥ್ ಇದ್ಯಾ ತೋರಿಸಿ. ಹಳೇ ಮನೆಗಳಲ್ಲಿ ಮೂರು ತೂತು ಇರುತ್ತೆ, ಮೂರನೇದಕ್ಕೆ ವೈರೇ ಇರಲ್ಲ. ಸದ್ದು ಕಮ್ಮಿ ಆಗ್ಲಿ ಅಂತ ಆಂಪಿನ ಮೂರನೇ ಪಿನ್ ಕತ್ತರಿಸೋ ಐಡಿಯಾ ಯಾರಾದ್ರೂ ಕೊಟ್ರೆ ಅವರ ಮಾತು ಕೇಳ್ಬೇಡಿ, ಜೀವಕ್ಕೆ ಅಪಾಯ.

ಹಂತ 8: ಸೆಕೆಂಡ್ ಹ್ಯಾಂಡ್

ಲಾಕ್‌ಡೌನಲ್ಲಿ ತಗೊಂಡು ಮೂರು ತಿಂಗಳು ನುಡಿಸಿ ಮಂಚದ ಕೆಳಗೆ ಹಾಕಿರೋ ಗಿಟಾರ್‌ಗಳು ಬೆಂಗಳೂರಲ್ಲಿ ಇನ್ನೂ ಮಾರಾಟಕ್ಕೆ ಬರ್ತಾನೇ ಇವೆ. ಹೊಸದರ ಅರ್ಧದಿಂದ ಮುಕ್ಕಾಲು ಬೆಲೆಗೆ ಸಿಕ್ರೆ ಲಾಭ, ಹತ್ತು ಸಾವಿರ ಬಜೆಟ್ ಇರೋರಿಗೆ ಇದೇ ದಾರಿ. ಹಂತ 6ರದ್ದೆಲ್ಲಾ ಇಲ್ಲೂ ಮಾಡಿ, ಜೊತೆಗೆ ಮೊದಲ ಐದು ಫ್ರೆಟ್ ಮೇಲೆ ತಂತಿ ಕೂತು ಕೂತು ಗುಳಿ ಬಿದ್ದಿದ್ಯಾ ನೋಡಿ, ಆಳ ಇದ್ರೆ ಫ್ರೆಟ್ ಬದಲಾಯಿಸೋ ಖರ್ಚು ಗಿಟಾರ್ ಬೆಲೆಗೇ ಹತ್ರ ಹೋಗ್ಬಹುದು. ಲೆಸ್ ಪಾಲ್ ಥರದವಕ್ಕೆ ತಲೆ ಹಿಂದಕ್ಕೆ ಬಾಗಿರುತ್ತಲ್ಲ, ಆ ಕತ್ತಿನ ಹಿಂಭಾಗ ಮೊಬೈಲ್ ಟಾರ್ಚ್ ಹಾಕಿ ಕೂದಲೆಳೆ ಬಿರುಕು ಹುಡುಕಿ, ಬಿದ್ರೆ ಮುರಿಯೋದು ಅಲ್ಲೇ. ಹೊಸದಾಗಿ ಬಣ್ಣ ಹೊಡೆದ ಹಾಗಿದ್ರೆ ಯಾಕೆ ಅಂತ ಕೇಳಿ. ನೋಡದೆ ಮುಂಗಡ ಹಾಕ್ಬೇಡಿ, ಯುಪಿಐ ಕ್ಯೂಆರ್ ಕಳಿಸ್ತೀನಿ ಸ್ಕ್ಯಾನ್ ಮಾಡಿ ಅನ್ನೋರ ಹತ್ರ ಮಾತೇ ಬೇಡ.

ಹಂತ 9: ಮನೆಗೆ ತಂದ ಮೇಲೆ

ಅಂಗಡೀಲಿ ನೇತಾಡಿದ ತಂತಿ ಎಷ್ಟು ಹಳೇದು ಅಂತ ಯಾರಿಗೂ ಗೊತ್ತಿರಲ್ಲ, ಕಿತ್ತು ಹೊಸದು ಹಾಕಿ. ಹೊಸಬರಿಗೆ 9-42 ಸೆಟ್, ಈ ನಂಬರ್ ತಂತಿ ದಪ್ಪದ್ದು, ಇಂಚಿನ ಸಾವಿರದಲ್ಲಿ ಎಷ್ಟು ಪಾಲು ಅಂತ. ಲೆಸ್ ಪಾಲ್ ಥರದ ಕಮ್ಮಿ ಸ್ಕೇಲ್‌ಗೆ 10-46 ಹಾಕಿದ್ರೂ ಬೆರಳಿಗೆ ಭಾರ ಅನ್ಸಲ್ಲ. ಒಮ್ಮೆಲೇ ಆರೂ ಕೀಳ್ಬೇಡಿ, ಒಂದು ತೆಗೆದು ಒಂದು ಹಾಕಿ, ಟ್ರೆಮೊಲೊ ಇದ್ರಂತೂ ಖಂಡಿತ. ಹೊಸ ತಂತಿ ಎರಡು ಮೂರು ದಿನ ಶ್ರುತಿ ಇಳಿಸ್ತಾನೇ ಇರುತ್ತೆ, ಕೈಯಲ್ಲಿ ಮೆತ್ತಗೆ ಎಳೆದೆಳೆದು ಮತ್ತೆ ಟ್ಯೂನ್ ಮಾಡಿ.

ಅದಾದ್ಮೇಲೆ ಸೆಟಪ್‌ಗೆ ಕೊಡಿ. ಕೊಡುವಾಗ "ಆಕ್ಷನ್ ಹನ್ನೆರಡನೇ ಫ್ರೆಟ್ಟಲ್ಲಿ ದಪ್ಪ ತಂತಿಗೆ ಎರಡು ಮಿಲಿಮೀಟರ್, ಸಣ್ಣದಕ್ಕೆ ಒಂದೂವರೆ, 9-42 ತಂತಿ, ಮಾಮೂಲಿ ಶ್ರುತಿ" ಅಂತ ಹೇಳಿ. ಆಕ್ಷನ್ ಅಂದ್ರೆ ಫ್ರೆಟ್ಟಿಂದ ತಂತಿಯ ಎತ್ತರ. ಹೀಗೆ ಅಳತೆ ಹೇಳಿದ್ರೆ ಕೆಲಸ ಮಾಡೋರೂ ಸ್ವಲ್ಪ ಹುಷಾರಾಗಿ ಮಾಡ್ತಾರೆ.

ಮಂಗಳೂರು, ಉಡುಪಿ, ಕಾರವಾರದೋರು ನುಡಿಸಿದ ಮೇಲೆ ಒಣ ಬಟ್ಟೇಲಿ ತಂತಿ ಕೆಳಗೂ ಮೇಲೂ ಒರೆಸಿ ಇಡಿ, ಇಲ್ದಿದ್ರೆ ಮಳೆಗಾಲದಲ್ಲಿ ಹದಿನೈದು ದಿನಕ್ಕೆ ತುಕ್ಕು, ಬ್ಯಾಗಲ್ಲಿ ಶೂ ಡಬ್ಬದ ಸಿಲಿಕಾ ಪೊಟ್ಟಣ ಎರಡು ಹಾಕಿಡಿ. ಬಯಲುಸೀಮೆಯೋರು ಕಿಟಕಿ ಬಿಸಿಲು ಬೀಳೋ ಗೋಡೆಗೆ ತೂಗಾಕ್ಬೇಡಿ. ಮತ್ತೆ ಎಲ್ರಿಗೂ, ನುಡಿಸದೇ ಇದ್ರೂ ಕೇಬಲ್ ಕಿತ್ತಿಡಿ, ಯಾರೋ ಎಡವಿ ಗಿಟಾರ್ ಬೀಳೋದು ಹಾಗೇನೇ.